ಪುಲ್‌ಮನ್ ಊರಿನ ಪಾಲುಪಟ್ಟಿ

ಮಗನ ಮನೆ ಅಂತ ಸಿಯಾಟಲ್‌ನಲ್ಲಿ ಎರಡು ತಿಂಗಳು ಇದ್ದು ಬಂದೆ. ಸ್ಪೇಸ್ ನೀಡಲ್ ಹತ್ತಿದೆ, ಮೌಂಟ್ ರೇನಿಯರ್ ನೋಡಿದೆ, ಪೈಕ್ ಪ್ಲೇಸ್ ಮಾರ್ಕೆಟ್‌ನಲ್ಲಿ ಮೀನು ಎಸೆದಾಡುವುದನ್ನೂ ನೋಡಿದೆ. ಅದನ್ನೆಲ್ಲ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಬರೆಯಬೇಕು ಅನಿಸಿದ್ದು ಒಂದೇ ಒಂದು ಶುಕ್ರವಾರದ ಬಗ್ಗೆ. 2024ರ ಸೆಪ್ಟೆಂಬರ್ 20.

ಮಗ ಎಂಎಸ್ ಓದಿದ್ದು ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ. ಸಿಯಾಟಲ್‌ನಲ್ಲಿರುವುದು ಯೂನಿವರ್ಸಿಟಿ ಆಫ್ ವಾಷಿಂಗ್ಟನ್, ಅದು ಬೇರೆ. ಇವನದು ರಾಜ್ಯದ ಇನ್ನೊಂದು ತುದಿಯಲ್ಲಿ, ಐಡಾಹೊ ಗಡಿಗೆ ಅಂಟಿಕೊಂಡ ಪುಲ್‌ಮನ್ ಎಂಬ ಊರಿನಲ್ಲಿದೆ. ಇವೆರಡನ್ನೂ ಗಲಿಬಿಲಿ ಮಾಡಿಕೊಂಡರೆ ಅವನಿಗೆ ಕೋಪ ಬರುತ್ತದೆ. ನಾನು ಬೇಕಂತಲೇ ಒಂದೆರಡು ಸಲ ಮಾಡಿದ್ದೇನೆ.

"ಅಮ್ಮಾ, ಬಂದಿದ್ದೀಯ, ಒಂದು ಫುಟ್‌ಬಾಲ್ ಮ್ಯಾಚ್ ನೋಡ್ಕೊಂಡೇ ಹೋಗು" ಅಂದ. ಕೈಯಲ್ಲಿ ಹಿಡಿದುಕೊಂಡು ಓಡುವ ಆಟಕ್ಕೆ ಫುಟ್‌ಬಾಲ್ ಅಂತ ಯಾಕೋ ಹೆಸರು ಅಂತ ಕೇಳಿದೆ. ಉತ್ತರ ಬರಲಿಲ್ಲ. ಆದರೂ ಹೊರಟೆ.

ಐದು ಗಂಟೆ ದಾರಿ. ಬೆಟ್ಟ ದಾಟುವವರೆಗೆ ಹಸಿರು, ದಾಟಿದ ಮೇಲೆ ಒಣಭೂಮಿ. ವ್ಯಾಂಟೇಜ್ ಎಂಬಲ್ಲಿ ಕೊಲಂಬಿಯಾ ನದಿ. ಅದರಾಚೆ ಗಂಟೆಗಟ್ಟಲೆ ಏನೂ ಇಲ್ಲ, ನಮ್ಮ ಚಳ್ಳಕೆರೆ ಕಡೆಯ ಬಯಲಿನ ಹಾಗೆ. ಆ ದಾರಿಯಲ್ಲಿ ಮಗ ಕಥೆ ಶುರು ಮಾಡಿದ. ಅವನು ಹೇಳಿದ್ದು ಫುಟ್‌ಬಾಲ್ ಕಥೆ. ನನ್ನ ಕಿವಿಗೆ ಬಿದ್ದದ್ದು ಪಾಲು ವ್ಯಾಜ್ಯ. ನಾನು ಮೂವತ್ತನಾಲ್ಕು ವರ್ಷ ಕೋರ್ಟಿನ ಆಫೀಸಿನಲ್ಲಿ ಇದ್ದವಳು, ಶಿರಸ್ತೇದಾರ್ ಆಗಿ ನಿವೃತ್ತಿಯಾದವಳು. ಅಣ್ಣತಮ್ಮಂದಿರ ವಿಭಾಗದ ದಾವೆಗಳ ಕಡತ ಕಟ್ಟಿ ಕಟ್ಟಿ ಬೆರಳು ಸವೆದಿವೆ.

ಕಥೆ ಇಷ್ಟು. ಅಮೆರಿಕದಲ್ಲಿ ಕಾಲೇಜು ತಂಡಗಳು ಗುಂಪು ಕಟ್ಟಿಕೊಂಡು ಆಡುತ್ತವೆ. ಗುಂಪಿಗೆ ಕಾನ್ಫರೆನ್ಸ್ ಅನ್ನುತ್ತಾರೆ. ಪಶ್ಚಿಮ ಕರಾವಳಿಯದು 1915ರಲ್ಲಿ ಶುರುವಾದ ಗುಂಪು, ಕೊನೆಗೆ ಅದಕ್ಕಿದ್ದ ಹೆಸರು ಪ್ಯಾಕ್-12. ಹನ್ನೆರಡು ಜನ ಅಣ್ಣತಮ್ಮಂದಿರ ತುಂಬು ಮನೆ ಅಂತಿಟ್ಟುಕೊಳ್ಳಿ. ಟಿವಿಯವರ ದುಡ್ಡು ಪೂರ್ವದ ಕಡೆಯ ಬಿಗ್ ಟೆನ್ ಎಂಬ ಮನೆಗೆ ಜಾಸ್ತಿ ಬರತೊಡಗಿತು. 2022ರಲ್ಲಿ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಮೇಲಿನ ಒಪ್ಪಂದ. ಅದೇ ವರ್ಷ ಲಾಸ್ ಏಂಜಲೀಸ್‌ನ ಎರಡು ಯೂನಿವರ್ಸಿಟಿ ಆ ಕಡೆ ಹೋಗುವುದಾಗಿ ಹೇಳಿದವು. 2023ರ ಜುಲೈಯಲ್ಲಿ ಕೊಲರಾಡೊ ಬೇರೆ ದಾರಿ ಹಿಡಿಯಿತು. ಆಗಸ್ಟ್ 4ರಂದು ಒಂದೇ ದಿನ ಐವರು. ಅದರಲ್ಲಿ ಸಿಯಾಟಲ್‌ನವರೂ ಇದ್ದರು. ಸೆಪ್ಟೆಂಬರ್ 1ಕ್ಕೆ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಹೋಗಿ ಸೇರಿದ್ದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ಗೆ. ಪೆಸಿಫಿಕ್ ಸಾಗರದ ಗಾಳಿ ಕುಡಿಯುವವರು ಅಟ್ಲಾಂಟಿಕ್ ಕರಾವಳಿಯವರಾದರು! ಬಿಗ್ ಟೆನ್‌ನಲ್ಲಿ ಈಗ ಹದಿನೆಂಟು ತಂಡ ಅಂತೆ. ಹತ್ತು ಅನ್ನೋ ಹೆಸರು ಮಾತ್ರ ಹಾಗೇ ಇದೆ.

ಮನೆಯಲ್ಲಿ ಉಳಿದವರು ಇಬ್ಬರು. ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್. ಇಬ್ಬರದೂ ಸಣ್ಣ ಊರು, ಇಬ್ಬರೂ ಬೇಸಾಯದ ಕಾಲೇಜಿನಿಂದ ಬೆಳೆದವರು. ಟಿವಿಯವರಿಗೆ ಬೇಡವಾದವರು.

"ಮತ್ತೆ ಆಸ್ತಿ ಯಾರಿಗಾಯ್ತೋ?" ಅಂದೆ. ಮಗ ನಕ್ಕ. "ಅದಕ್ಕೇ ಅಮ್ಮ ಕೋರ್ಟಿಗೆ ಹೋಗಿದ್ದು. ಆ ಕೋರ್ಟ್ ನಮ್ಮ ದಾರೀಲೇ ಸಿಗುತ್ತೆ."

ಅಷ್ಟು ಹೇಳಿದ ಮೇಲೆ ನಿಲ್ಲಿಸದೆ ಇರಲು ಬಿಡುತ್ತೇನೆಯೇ? ಊರಿನ ಹೆಸರು ಕೋಲ್‌ಫ್ಯಾಕ್ಸ್. ಸುಮಾರು 2,800 ಜನ. ಗುಡ್ಡಗಳ ನಡುವೆ ಒಂದೇ ದೊಡ್ಡ ಬೀದಿ. ವಿಟ್‌ಮನ್ ಕೌಂಟಿಯ ಕೋರ್ಟ್ ಇರುವುದು ಇಲ್ಲಿ. ಗುಮ್ಮಟ ಗಿಮ್ಮಟ ಇಲ್ಲದ ಸಾದಾ ಕಟ್ಟಡ. ನಾನು ಒಳಗೆ ಹೋಗಲಿಲ್ಲ, ಎದುರು ನಿಂತು ನೋಡಿದೆ. ಕೋಟಿಗಟ್ಟಲೆ ಡಾಲರಿನ ಜಗಳ, ದೊಡ್ಡ ದೊಡ್ಡ ಊರಿನ ವಕೀಲರು, ಎಲ್ಲರೂ ಈ ಹೋಬಳಿ ಕೇಂದ್ರದಂಥ ಊರಿಗೆ ಬಂದು ನಿಂತಿದ್ದರು. ಯಾಕೆ? ವಾದಿಗಳಲ್ಲಿ ಒಬ್ಬರು ಈ ಕೌಂಟಿಯವರು, ಅದಕ್ಕೆ.

ಉಳಿದ ಇಬ್ಬರ ಹೆದರಿಕೆ ಏನೆಂದರೆ, ಹೊರಟ ಹತ್ತು ಜನ ಕೈ ಎತ್ತಿ ಮನೆಯನ್ನೇ ಮುರಿದು ಹಂಚಿಕೊಂಡುಬಿಟ್ಟರೆ? ಹತ್ತು ಜನರ ವಾದ, ನಾವಿನ್ನೂ ಹೊರಟಿಲ್ಲ, ಹೋಗುತ್ತೇವೆ ಅಂದಿದ್ದೇವೆ ಅಷ್ಟೆ, ಮತ ನಮ್ಮದೇ. ಆದರೆ ಲಾಸ್ ಏಂಜಲೀಸ್‌ನ ಇಬ್ಬರು ಹೋಗುತ್ತೇವೆ ಅಂದಾಗ ಅವರನ್ನು ಗುಂಪಿನ ಆಡಳಿತ ಮಂಡಳಿಯಿಂದ ಹೊರಗಿಟ್ಟವರು ಯಾರು? ಇವರೇ! ತಾವು ಹೊಡೆದ ಮೊಳೆ ತಮ್ಮ ಕಾಲಿಗೇ ಚುಚ್ಚಿತು. 2023ರ ನವೆಂಬರ್ 14ರಂದು ಇದೇ ಕೋರ್ಟು ಮಂಡಳಿಯ ಹಿಡಿತ ಉಳಿದವರಿಬ್ಬರಿಗೆ ಎಂದು ತಾತ್ಕಾಲಿಕ ಆದೇಶ ಕೊಟ್ಟಿತು. ಡಿಸೆಂಬರಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದರಲ್ಲಿ ಕೈ ಹಾಕುವುದಿಲ್ಲ ಅಂದಿತು. ಆಮೇಲೆ ರಾಜಿ, ಹೋದವರು ಒಂದಿಷ್ಟು ದುಡ್ಡು ಬಿಟ್ಟುಕೊಟ್ಟರು. ದಾವೆ ಹೂಡಿದ್ದು ಸೆಪ್ಟೆಂಬರಿನಲ್ಲಿ, ಆದೇಶ ನವೆಂಬರಿನಲ್ಲಿ. ನಮ್ಮಲ್ಲಿ ಅಷ್ಟರಲ್ಲಿ ಎಲ್ಲ ಪ್ರತಿವಾದಿಗಳಿಗೆ ಸಮನ್ಸ್ ಜಾರಿಯಾಗಿದ್ದರೆ ಅದೇ ದೊಡ್ಡದು.

ಅಲ್ಲಿಂದ ಪುಲ್‌ಮನ್‌ವರೆಗೆ ಗೋಧಿಯ ಗುಡ್ಡಗಳು. ಪಲೂಸ್ ಅಂತ ಕರೆಯುತ್ತಾರೆ. ಕೊಯ್ಲು ಮುಗಿದು ಬಂಗಾರದ ಬಣ್ಣದ ಕೂಳೆ, ಪಕ್ಕದಲ್ಲೇ ಹೊಸ ಬಿತ್ತನೆಗೆ ಹಸನು ಮಾಡಿದ ಕಂದು ನೆಲ. ಕಂಬಳಿ ಕೊಡವಿ ಹಾಸಿದ ಹಾಗೆ ಅಲೆ ಅಲೆ. ರೇನಿಯರ್‌ಗಿಂತ ನನಗೆ ಇದೇ ಹಿಡಿಸಿತು. ಯೂನಿವರ್ಸಿಟಿಯಲ್ಲೇ ಮಾಡುವ ಐಸ್‌ಕ್ರೀಮ್ ತಿಂದೆವು, ಚೆನ್ನಾಗಿತ್ತು. ಕೂಗರ್ ಗೋಲ್ಡ್ ಅಂತ ಡಬ್ಬದಲ್ಲಿ ಸೀಲ್ ಮಾಡಿ ಮಾರುವ ಚೀಸ್ ಅವರ ಹೆಮ್ಮೆ. ಮಗ ಕಣ್ಣು ಮುಚ್ಚಿ ತಿಂದ. ನನಗೆ ಅಷ್ಟಕ್ಕಷ್ಟೆ.

ಇನ್ನು ಹೋಗುವವರಿಗೆ ಒಂದು ಮಾತು. ಸ್ಟೇಡಿಯಂ ಒಳಗೆ ಆಚೆಯಿಂದ ಒಳಗಿನದು ಕಾಣುವ ಪ್ಲಾಸ್ಟಿಕ್ ಚೀಲವನ್ನಷ್ಟೇ ಬಿಡುತ್ತಾರೆ. ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಕೋಡುಬಳೆ, ಶಾಲು, ಬಿಪಿ ಮಾತ್ರೆ ಇತ್ತು. ಗೇಟಿನ ಹುಡುಗಿ ನಗುನಗುತ್ತಲೇ ವಾಪಸ್ ಕಳಿಸಿದಳು. ಕಾರು ಗುಡ್ಡದ ಕೆಳಗೆ. ಅರವತ್ತೆರಡರ ಮಂಡಿ ಇಟ್ಟುಕೊಂಡು ಇಳಿದು, ಮತ್ತೆ ಹತ್ತಿ ಬಂದೆ. ಮಗನಿಗೆ ಈ ನಿಯಮ ಗೊತ್ತಿತ್ತು, ಹೇಳಲು ಮರೆತಿದ್ದ. ಕೋಡುಬಳೆ ಕಾರಿನಲ್ಲೇ ಉಳಿಯಿತು. ಈಗಲೂ ನೆನೆಸಿಕೊಂಡರೆ ಉರಿಯುತ್ತದೆ.

ಆಟ ಏಳು ಗಂಟೆಗೆ. ನಾಲ್ಕು ಸಲದಲ್ಲಿ ಹತ್ತು ಗಜ ಮುಂದೆ ನುಗ್ಗಬೇಕು, ಆಗದಿದ್ದರೆ ಚೆಂಡು ಆ ಕಡೆಯವರಿಗೆ. ಇಷ್ಟು ತಿಳಿದರೆ ಸಾಕು. ಮೂರು ನಿಮಿಷ ಆಡಿದರೆ ಮೂರು ನಿಮಿಷ ಟಿವಿ ಜಾಹೀರಾತಿಗೆ ಅಂತ ಸುಮ್ನೆ ನಿಲ್ಲುತ್ತಾರೆ. ಆ ಬಿಡುವುಗಳಲ್ಲೇ ಪಕ್ಕದ ಯಜಮಾನರ ಪರಿಚಯವಾಯಿತು. ಎಪ್ಪತ್ತು ದಾಟಿದವರು, ಕಡುಗೆಂಪು ಟೋಪಿ, ಗದ್ದೆ ಕೈ. ಗೋಧಿ ಮತ್ತು ಲೆಂಟಿಲ್ ಬೆಳೆಯುತ್ತಾರಂತೆ. ಲೆಂಟಿಲ್ ಅಂದರೆ ನಮ್ಮ ಚನ್ನಂಗಿ ಬೇಳೆ ಕಣಮ್ಮ ಅಂದ ಮಗ. ಪುಲ್‌ಮನ್‌ನಲ್ಲಿ ಪ್ರತಿ ಆಗಸ್ಟ್ ಅದಕ್ಕೊಂದು ಹಬ್ಬವೇ ಇದೆ. ನಾವು ಅದಕ್ಕೆ ಒಗ್ಗರಣೆ ಹಾಕುವ ರೀತಿಯನ್ನು ಹೇಳಿದೆ, ಅವರು ಇಂಗು ಅಂದರೇನು ಅಂತ ಎರಡು ಸಲ ಕೇಳಿದರು.

ಅವರ ಆಚೆಗಿನ ಸೀಟು ಖಾಲಿ ಇತ್ತು. ಯಾರಾದರೂ ಬರುತ್ತಾರಾ ಅಂದೆ. "ತಮ್ಮನದು" ಅಂದರು. ತಮ್ಮ ಓದಿದ್ದು ಸಿಯಾಟಲ್‌ನಲ್ಲಿ. ಈ ಎರಡು ಯೂನಿವರ್ಸಿಟಿಗಳ ಆಟಕ್ಕೆ ಆ್ಯಪಲ್ ಕಪ್ ಅಂತ ಹೆಸರು, ಮೊದಲು ಆಡಿದ್ದು 1900ರಲ್ಲಿ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮನೆಮಂದಿಯೆಲ್ಲ ಸೇರಿ ಊಟ, ಅದರ ಬೆನ್ನಿಗೇ ಪಂದ್ಯ ಇರುತ್ತಿತ್ತು. ಆ ತಮ್ಮ ಸಿಯಾಟಲ್‌ನವರ ನೇರಳೆ ಅಂಗಿ ಹಾಕಿಕೊಂಡು ಎರಡು ವರ್ಷಕ್ಕೊಮ್ಮೆ ಈ ಸೀಟಿಗೆ ಬಂದು ಕೂರುತ್ತಿದ್ದ. ಅಣ್ಣ ದುಡ್ಡು ಕೊಟ್ಟು ಸೀಟು ಇಟ್ಟುಕೊಂಡಿದ್ದಾರೆ.

"ಆ ಪಂದ್ಯ ಈಗಲೂ ಇದೆಯಲ್ಲ? ಹೋದ ವಾರವೇ ಆಯಿತಂತೆ, ನೀವೇ ಗೆದ್ದಿರಂತೆ?"

ಹೌದು, ಸೆಪ್ಟೆಂಬರ್ 14, ಸಿಯಾಟಲ್‌ನಲ್ಲಿ, 24–19. ಇವರು ಹೋಗಿರಲಿಲ್ಲ. "ನವೆಂಬರ್ ಅಂದರೆ ಬಿತ್ತನೆ ಮುಗಿದಿರುತ್ತೆ. ಸೆಪ್ಟೆಂಬರ್ ಅಂದರೆ ನಾನು ಟ್ರ್ಯಾಕ್ಟರ್ ಮೇಲೆ ಇರುತ್ತೇನೆ. ಕಾನ್ಫರೆನ್ಸ್ ಬೇರೆ ಆದ ಮೇಲೆ ಅವರಿಗೆ ನವೆಂಬರಿನಲ್ಲಿ ಪುರುಸೊತ್ತಿಲ್ಲ." ರೇಡಿಯೋದಲ್ಲಿ ಕೇಳಿದರಂತೆ. ಸಿಯಾಟಲ್‌ನವರು ಗೆಲುವಿಗೆ ಒಂದು ಗಜ ದೂರದಲ್ಲಿದ್ದರು, ಕೊನೆಯ ಯತ್ನ. ಇವರು ಟ್ರ್ಯಾಕ್ಟರ್ ಆಫ್ ಮಾಡಿ ಹೊಲದ ಮಧ್ಯೆ ಕೂತಿದ್ದರು. ಇವರ ಹುಡುಗರು ತಡೆದರು. "ಕೂಗಿದೆ. ಯಾರಿಗೆ ಕೇಳಿಸಬೇಕು? ತಮ್ಮನಿಗೆ ಫೋನ್ ಮಾಡಿದೆ, ಎತ್ತಲಿಲ್ಲ." ಆಮೇಲೆ ನಕ್ಕರು. "ಗೆದ್ದಾಗ ಅವನು ಎತ್ತುವುದಿಲ್ಲ, ಅದೇನೂ ಹೊಸದಲ್ಲ."

ಸಿಯಾಟಲ್ ತಂಡ ಮರುವಾರ ನ್ಯೂಜೆರ್ಸಿಗೆ ಹೋಗಬೇಕಿತ್ತು, ಸುಮಾರು 3,800 ಕಿಲೋಮೀಟರ್. ನಿಮ್ಮ ತಮ್ಮ ಅಲ್ಲಿಗೆ ಹೋಗುತ್ತಾರಾ ಅಂತ ಕೇಳಿದೆ. "ನ್ಯೂಜೆರ್ಸಿಯಲ್ಲಿ ಅವನಿಗೆ ಜಗಳ ಆಡುವುದಕ್ಕೆ ಯಾರಿದ್ದಾರೆ?" ಅಂದರು.

ಇಲ್ಲಿಯವರೆಗೆ ನಾನು ಪೂರ್ತಿ ಅವರ ಪಕ್ಷ. ಆದರೆ ಮಗ ಕಾರಿನಲ್ಲಿ ಇನ್ನೊಂದು ಸಂಗತಿ ಹೇಳಿದ್ದ. ಎಂಟು ದಿನದ ಹಿಂದೆ, ಸೆಪ್ಟೆಂಬರ್ 12ಕ್ಕೆ, ಉಳಿದ ಈ ಇಬ್ಬರು ಪಕ್ಕದ ಮೌಂಟನ್ ವೆಸ್ಟ್ ಎಂಬ ಮನೆಯಿಂದ ನಾಲ್ಕು ಜನರನ್ನು ತಮ್ಮ ಕಡೆ ಕರೆದುಕೊಂಡಿದ್ದರು. ಬಾಯ್ಸಿ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಕೊಲರಾಡೊ ಸ್ಟೇಟ್. 2026ರಿಂದ ಹೊಸ ಸಂಸಾರ. ಆ ದಿನ ಎದುರಾಳಿಯಾಗಿ ಮೈದಾನಕ್ಕೆ ಇಳಿದಿದ್ದ ಸ್ಯಾನ್ ಹೊಸೆ ಸ್ಟೇಟ್ ಅದೇ ಮೌಂಟನ್ ವೆಸ್ಟ್‌ನವರು. ಅವರನ್ನು ಕರೆದಿರಲಿಲ್ಲ.

ಕೇಳಬಾರದಿತ್ತೇನೋ, ಕೇಳಿಬಿಟ್ಟೆ. "ನಿಮಗೆ ಮಾಡಿದ್ದನ್ನೇ ನೀವು ಇವರಿಗೆ ಮಾಡಿದ ಹಾಗಾಗಲಿಲ್ಲವೇ?"

ಮಗ ನನ್ನ ಮೊಣಕೈ ತಿವಿದ. ಯಜಮಾನರು ತುಂಬಾ ಹೊತ್ತು ಮೈದಾನ ನೋಡಿದರು. ಜಾಹೀರಾತಿನ ಬಿಡುವು ಮುಗಿದು ಆಟ ಶುರುವಾಯಿತು, ನಾಲ್ಕು ಸಲ ನುಗ್ಗಿದ್ದೂ ಆಯಿತು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದರು. "ಹೌದು. ನಮ್ಮವರು ಬೇರೆ ದಾರಿ ಇರಲಿಲ್ಲ ಅನ್ನುತ್ತಾರೆ. ಹೋದ ವರ್ಷ ಸಿಯಾಟಲ್‌ನವರೂ ಅದನ್ನೇ ಅಂದಿದ್ದರು. ಆಗ ನಾನು ನಂಬಿರಲಿಲ್ಲ."

ಈಗ ನಂಬುತ್ತೀರಾ ಅಂತ ನಾನು ಕೇಳಲಿಲ್ಲ. ಮುಂದಿನ ಸಾಲಿನಲ್ಲಿ ಮೊದಲ ವರ್ಷದ ಹುಡುಗಿಯರ ಗುಂಪು ಕುಣಿಯುತ್ತಿತ್ತು. ಹಳೆಯ ಮನೆ, ಹೊಸ ಮನೆ ಯಾವುದೂ ಅವರ ತಲೆಯಲ್ಲಿ ಇದ್ದಂತಿರಲಿಲ್ಲ. ಅವರಿಗೆ ಎದುರಿಗಿರುವ ಯಾವ ತಂಡವಾದರೂ ಸೈ.

ಆಟವೋ, ಮುಗಿಯುವ ಹಾಗೇ ಕಾಣಲಿಲ್ಲ. ಸಮ ಆಯಿತು, ಹೆಚ್ಚುವರಿ ಆಟ, ಮತ್ತೊಮ್ಮೆ ಹೆಚ್ಚುವರಿ ಆಟ. ಕೊನೆಗೆ 54–52, ಗೆದ್ದದ್ದು ಇವರೇ. ನಾನೂ ಎದ್ದು ನಿಂತು ಕಿರುಚಿದೆ ಅಂತ ಮಗ ಹೇಳುತ್ತಾನೆ, ನನಗೆ ನೆನಪಿಲ್ಲ. ಮೂಲೆಯಲ್ಲಿ ಕೂತಿದ್ದ ಸ್ಯಾನ್ ಹೊಸೆಯವರು ಮೆಲ್ಲಗೆ ಮೆಟ್ಟಿಲಿಳಿಯುವಾಗ ಯಜಮಾನರು ಟೋಪಿ ತೆಗೆದು ಅವರ ಕಡೆ ಒಮ್ಮೆ ಬೀಸಿದರು. ಅವರು ನೋಡಲಿಲ್ಲ.

ರಾತ್ರಿ ಉಳಿದದ್ದು ಐವತ್ತೈದು ಕಿಲೋಮೀಟರ್ ದೂರದ ಲೂಯಿಸ್ಟನ್‌ನಲ್ಲಿ. ಪುಲ್‌ಮನ್‌ನಲ್ಲಿ ಬುಕ್ ಮಾಡಿದ್ದ ಮೋಟೆಲಿನವರು ಮೂರು ದಿನ ಮುಂಚೆ ರೂಮು ಇಲ್ಲ ಅಂದಿದ್ದರು. ಮ್ಯಾಚ್ ದಿನ ಹೀಗೇ ಆಗುತ್ತದೆಯಂತೆ. ಬುಕ್ ಮಾಡಿ ಸುಮ್ಮನಿರಬೇಡಿ, ಫೋನ್ ಮಾಡಿ ಕೇಳಿಕೊಳ್ಳಿ. ನಡುರಾತ್ರಿ ಆ ಇಳಿಜಾರು ರಸ್ತೆಯಲ್ಲಿ ಕೋಡುಬಳೆ ತಿನ್ನುತ್ತಾ ಇಳಿದೆವು.

ವರ್ಷ ಕಳೆಯಿತು. ನಾನು ಮೈಸೂರಿನಲ್ಲಿ, ಮಗ ಅಲ್ಲೇ. 2025ರ ಆ್ಯಪಲ್ ಕಪ್ ಪುಲ್‌ಮನ್‌ನಲ್ಲೇ ನಡೆಯಿತು, ಅದೇ ಸೆಪ್ಟೆಂಬರ್ 20ಕ್ಕೆ. 59–24, ಪುಲ್‌ಮನ್‌ನವರು ಹೀನಾಯವಾಗಿ ಸೋತರು. ಮಗ ಈ ಸಲ ಎದುರು ಬದಿಯ ಸ್ಟ್ಯಾಂಡಿನಲ್ಲಿ ಕೂತಿದ್ದನಂತೆ, ಫೋಟೋ ಕಳಿಸಿದ. ನಾನು ಸ್ಕೋರ್ ಬಿಟ್ಟು ಆಚೆ ಬದಿಯ ನಮ್ಮ ಹಳೇ ಸಾಲನ್ನು ಹುಡುಕಿದೆ. ಫೋನ್ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಕೆಂಪಿನ ನಡುವೆ ನೇರಳೆ ಅಂಗಿಯವರು ಸುಮಾರು ಜನ ಕಂಡರು. ಯಾರ ತಮ್ಮ ಯಾರೋ.