ಡ್ರಿಪ್‌ಗೆ ದುಡ್ಡುಂಟು, ಮಾತ್ರೆಗೆ ತಕರಾರು

ಕರುಳಿನ ಕ್ಯಾನ್ಸರ್‌ಗೆ ಕೊಡುವ ಕ್ಯಾಪೆಸಿಟಾಬೈನ್ ಮಾತ್ರೆ ಮೈಯೊಳಗೆ ಹೋದಮೇಲೆ ಆಗುವುದು 5-ಎಫ್‌ಯು ಎಂಬ ಕೀಮೋ ಔಷಧ. ಅದೇ 5-ಎಫ್‌ಯು ಡ್ರಿಪ್ಪಿನಲ್ಲೂ ಸಿಗುತ್ತದೆ: ಎರಡು ವಾರಕ್ಕೊಮ್ಮೆ, 46 ಗಂಟೆ ಪಂಪು. ಮಾತ್ರೆಯಾದರೆ 14 ದಿನ ಊಟವಾದ ಅರ್ಧ ಗಂಟೆಯೊಳಗೆ ದಿನಕ್ಕೆರಡು ಸಲ, ಆಮೇಲೆ 7 ದಿನ ಬಿಡುವು. ಮನೆಯಲ್ಲೇ ಮುಗಿಯುತ್ತದೆ. ಆದರೆ ವಿಮೆಯ ಕಡತಕ್ಕೆ ಡ್ರಿಪ್ಪೇ ಸಲೀಸು, ಅಡ್ಮಿಶನ್ ನಂಬರ್ ಇರುತ್ತದಲ್ಲ! ಮಾತ್ರೆಯ ಬಿಲ್ಲು ಮೆಡಿಕಲ್ ಸ್ಟೋರಿನದು, 'ಓಪಿಡಿ' (ಅಡ್ಮಿಟ್ ಆಗದ ಹೊರರೋಗಿ) ಎಂದು ಟಿಪಿಎಯಿಂದ, ಅಂದರೆ ವಿಮಾ ಕಂಪನಿ ಪರವಾಗಿ ಕ್ಲೇಮು ನೋಡುವ ಸಂಸ್ಥೆಯಿಂದ, ವಾಪಸ್ ಬರುತ್ತದೆ. ಇದಕ್ಕೆ ಹೆದರಿ ಸುಮ್ಮನೆ ಒಂದು ರಾತ್ರಿ ಅಡ್ಮಿಟ್ ಮಾಡಿಸುವವರಿದ್ದಾರೆ. 'ಅಡ್ಮಿಶನ್ ಅಗತ್ಯವಿರಲಿಲ್ಲ' ಎಂದು ಇಡೀ ಕ್ಲೇಮೇ ಬಿದ್ದುಹೋಗುತ್ತದೆ.

ಬಾಯಿಯ ಮೂಲಕ ಕೊಡುವ ಕೀಮೋ, ಇಮ್ಯುನೊಥೆರಪಿ, ಕಣ್ಣಿನೊಳಗೆ ಚುಚ್ಚುವ ಇಂಜೆಕ್ಷನ್ ಸೇರಿ 12 ಆಧುನಿಕ ಚಿಕಿತ್ಸೆಗಳನ್ನು ಹೊರಗಿಡುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರಲ್ಲೇ ಹೇಳಿದೆ. ಮಿತಿ ಹಾಕಲು ಮಾತ್ರ ಅವಕಾಶ ಬಿಟ್ಟಿತು. ಹಾಗಾಗಿ ಪಾಲಿಸಿಯಲ್ಲಿ ಯಾರೂ ಕೊಡಲ್ಲ ಅನ್ನುವುದಿಲ್ಲ, ಇಷ್ಟೇ ಕೊಡ್ತೀವಿ ಅನ್ನುತ್ತಾರೆ. 10 ಲಕ್ಷದ ಪಾಲಿಸಿಯಲ್ಲಿ ಬಾಯಿಯ ಕೀಮೋ ಎಂಬ ಸಾಲಿನ ಎದುರು ಶೇ 25 ಎಂದಿದ್ದರೆ ವರ್ಷಕ್ಕೆ ಎರಡೂವರೆ ಲಕ್ಷ. ಶ್ವಾಸಕೋಶದ ಕ್ಯಾನ್ಸರ್‌ಗೆ ದಿನಕ್ಕೊಂದು ನುಂಗುವ ಓಸಿಮರ್ಟಿನಿಬ್‌ನಂಥ ದುಬಾರಿ ಮಾತ್ರೆಗೆ ಅದು ಬೇಗ ಕರಗುತ್ತದೆ. ಪಾಲಿಸಿ ಕೊಳ್ಳುವಾಗ ಮೊದಲು ಓದಬೇಕಾದ್ದು ಈ ಸಾಲು. ಆಸ್ಪತ್ರೆಗಳ ಪಟ್ಟಿ ಆಮೇಲೆ.

ಕ್ಲೇಮಿನ ಜತೆ ಕೊಡುವ ವೈದ್ಯರ ಪತ್ರದಲ್ಲಿ 'ಕ್ಯಾನ್ಸರ್ ಔಷಧ' ಎಂದಷ್ಟೇ ಬರೆಸಿದರೆ ಸಾಲದು. ರೋಗದ ಹಂತ, ಮ್ಯುಟೇಶನ್ (ಜೀನ್ ಬದಲಾವಣೆ) ವರದಿ, ಡೋಸು, ಎಷ್ಟು ಸೈಕಲ್ (ಸುತ್ತು), ಅಗ್ಗದ ಔಷಧ ಯಾಕೆ ಆಗದು, ಎಲ್ಲ ಇರಲಿ.

ಇನ್ನೊಂದು ಕಡಿತ ರೂಮಿನದು. ದಿನಕ್ಕೆ 5,000ದ ಮಿತಿ ಇದ್ದು 8,000ದ ರೂಮು ಹಿಡಿದರೆ ವೈದ್ಯರ ಶುಲ್ಕ, ನರ್ಸಿಂಗ್‌ಗೆ ಎಂಟರಲ್ಲಿ ಐದು ಪಾಲಷ್ಟೇ ಕೊಡಬಹುದು. ಔಷಧಿಗೆ ಹಾಗಿಲ್ಲ. 2020ರ ನಿಯಮದಂತೆ ಔಷಧ, ಇಂಪ್ಲಾಂಟ್, ಪರೀಕ್ಷೆ, ಐಸಿಯು ಶುಲ್ಕ ಈ ಲೆಕ್ಕಕ್ಕೆ ಬರುವುದಿಲ್ಲ. 1,20,000 ರೂಪಾಯಿ ಔಷಧಿಯ ಮೇಲೆ ಈ ಕಡಿತ ತಪ್ಪಾಗಿ ಹಚ್ಚಿದರೆ 45,000 ಹೋಯಿತು. ಎಲ್ಲ ಒಟ್ಟು ಸೇರಿಸಿದ ಬಿಲ್ಲಿನಲ್ಲಿ ಇದು ಕಾಣುವುದೇ ಇಲ್ಲ. ಫಾರ್ಮಸಿ ಬಿಲ್ಲು ಬೇರೆಯಾಗಿ, ಬ್ಯಾಚ್ ನಂಬರ್ ಸಮೇತ ಕೇಳಿ ಪಡೆಯಿರಿ.

ಐಆರ್‌ಡಿಎಐನ 2024ರ ಮೇ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜಿಗೆ ಮೂರು ಗಂಟೆಯಲ್ಲಿ ಉತ್ತರ ಬರಬೇಕು. ತಡವಾಗಿ ಆಸ್ಪತ್ರೆ ಹೆಚ್ಚು ಹಾಕಿದರೆ ಅದು ಕಂಪನಿಯ ತಲೆಗೆ. ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತು ಎಂದು ಬರಹದಲ್ಲೇ ಕೇಳಿ.

ಮೊದಲು ಕಂಪನಿಗೇ ಲಿಖಿತ ದೂರು. ತಿಂಗಳಾದರೂ ಉತ್ತರವಿಲ್ಲದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ತೀರ್ಮಾನಿಸುವ ಅಧಿಕಾರಿ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ. 50 ಲಕ್ಷದವರೆಗಿನ ತಕರಾರು, ಶುಲ್ಕವಿಲ್ಲ. ವಕೀಲರನ್ನು ಕರೆದೊಯ್ಯುವಂತಿಲ್ಲ, ಆದ್ದರಿಂದ ವೈದ್ಯರ ಆ ಪತ್ರವೇ ನಿಮ್ಮ ಪರ ವಾದಿಸಬೇಕು.