ಗಡಿಯಾರ ಬರೆದ ಒತ್ತಡ

"ಜಗಳ ಅಲ್ಲ ಕಣೋ, ನಗ್ತಾ ಇದ್ದೆ" ಎಂದು ಅಮ್ಮ ಹೇಳಿದ ಮೇಲೂ ಅಣ್ಣನ ಮಗ ಮೊಬೈಲಿನಿಂದ ಕಣ್ಣು ಕೀಳಲಿಲ್ಲ. ಬಹುಕಾಲದ ಮೇಲೆ ಸಿಕ್ಕ ಗೆಳತಿಯೊಡನೆ ಅಮ್ಮ ಗಂಟೆಗೂ ಮೀರಿ ಫೋನಿನಲ್ಲಿ ಮಾತನಾಡಿದ್ದರು. ಆ ನಗು ಪಕ್ಕದ ಕೋಣೆಯಲ್ಲಿದ್ದ ನಮ್ಮಿಬ್ಬರಿಗೂ ಕೇಳಿಸಿತ್ತು. ಅವರ ಕೈಯಲ್ಲಿದ್ದ ಸ್ಮಾರ್ಟ್‌ವಾಚ್ ಮಾತ್ರ ಅಷ್ಟೂ ಹೊತ್ತನ್ನು 'ಹೆಚ್ಚಿನ ಒತ್ತಡ' ಎಂದು ಗುರುತಿಸಿ, ಮೊಮ್ಮಗನ ಮೊಬೈಲಿಗೆ ಕಿತ್ತಳೆ ಬಣ್ಣದ ಪಟ್ಟಿಯೊಂದನ್ನು ಕಳುಹಿಸಿತ್ತು. "ನಿನಗೆ ಗೊತ್ತಾಗ್ತಿಲ್ಲ ಅಜ್ಜಿ, ಒಳಗೊಳಗೇ ಒತ್ತಡ ಇದೆ" ಎಂದ. ಅಮ್ಮ ಮಾತು ಬೆಳೆಸದೆ ನನ್ನ ಮುಖ ನೋಡಿದರು.

ಈ ವಾರವಿಡೀ ಆ ಒಂದು ವಾಕ್ಯ ನನ್ನ ತಲೆಯಲ್ಲಿ ಕೊರೆಯುತ್ತಿದೆ. ಹುಡುಗ ಒಳ್ಳೆಯವನು. ಅಜ್ಜಿಯ ಮೇಲಿನ ಕಾಳಜಿಯಿಂದಲೇ ಗಡಿಯಾರ ತಂದುಕೊಟ್ಟವನು. ಆದರೆ ಎದುರಿಗೆ ಕುಳಿತವರ ಮುಖಕ್ಕಿಂತ ಪರದೆಯ ಮೇಲಿನ ಅಂಕಿಯನ್ನು ಬೇಗ ನಂಬುವವನು.

ಆ ಗಡಿಯಾರ ನಿಜವಾಗಿ ಕಂಡದ್ದಾದರೂ ಏನು? ಅದನ್ನು ಬಿಚ್ಚಿ ತಿರುಗಿಸಿದರೆ ಬೆನ್ನಿನಲ್ಲಿ ಹಸಿರು ದೀಪ ಮಿಣುಕುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುವುದರಿಂದ, ಪ್ರತಿ ಮಿಡಿತಕ್ಕೂ ಚರ್ಮದಡಿ ರಕ್ತ ಉಬ್ಬಿ ಬಂದಾಗ ಮರಳಿ ಬರುವ ಬೆಳಕು ಕೊಂಚ ಕಡಿಮೆಯಾಗುತ್ತದೆ. ಆ ಏರಿಳಿತದಿಂದ ಮಿಡಿತಗಳ ನಡುವಿನ ಅಂತರವನ್ನು ಲೆಕ್ಕ ಹಾಕಲಾಗುತ್ತದೆ. ನಿಮಿಷಕ್ಕೆ 70 ಮಿಡಿತವಿದ್ದರೆ ಸರಾಸರಿ ಅಂತರ ಸುಮಾರು 857 ಮಿಲಿಸೆಕೆಂಡು, ಆದರೆ ಆರೋಗ್ಯವಂತ ಹೃದಯ ತಾಳ ಹಾಕಿದಂತೆ ಬಡಿಯುವುದಿಲ್ಲ. ಉಸಿರು ಒಳಗೆಳೆದಾಗ ಮಿಡಿತ ಚುರುಕಾಗುತ್ತದೆ, ಹೊರಬಿಟ್ಟಾಗ ನಿಧಾನವಾಗುತ್ತದೆ. ಈ ವ್ಯತ್ಯಾಸ ಕುಗ್ಗಿ ಮಿಡಿತದ ವೇಗ ಹೆಚ್ಚಿದರೆ ಸಾಮಾನ್ಯವಾಗಿ ಯಂತ್ರ ಅದನ್ನು ಒತ್ತಡವೆಂದು ಬರೆದುಕೊಳ್ಳುತ್ತದೆ. ಎಡೆಬಿಡದೆ ಮಾತನಾಡಿದರೆ ಉಸಿರಾಟದ ಲಯವೇ ಬದಲಾಗುತ್ತದೆ, ವಯಸ್ಸಾದಂತೆ ಆ ವ್ಯತ್ಯಾಸ ತಾನಾಗಿಯೇ ಕಡಿಮೆಯಾಗುತ್ತದೆ, ಸಂಭ್ರಮಕ್ಕೂ ಭಯಕ್ಕೂ ಹೃದಯ ಓಡುವ ಪರಿ ಬಹುಮಟ್ಟಿಗೆ ಒಂದೇ. ಇದಕ್ಕೆಲ್ಲ ಯಂತ್ರದ ಬಳಿ ಇದ್ದದ್ದು ಒಂದೇ ಹೆಸರು. (ಅಮ್ಮ ಗಡಿಯಾರದ ಪಟ್ಟಿಯನ್ನು ಸಡಿಲವಾಗಿ ಕಟ್ಟುತ್ತಾರೆ, ಕೈ ಅಲುಗಿದಾಗಲೆಲ್ಲ ಹೊರಗಿನ ಬೆಳಕೂ ಒಳನುಸುಳುತ್ತದೆ ಎಂಬುದು ಬೇರೆ ಮಾತು.)

ಇಂಥ ಸಾಧನಗಳನ್ನು ಹೀಗಳೆಯುವ ಉದ್ದೇಶ ನನಗಿಲ್ಲ. 1974ರಲ್ಲಿ ಜಪಾನಿನ ಟಕುವೊ ಅಯೊಯಾಗಿ ರೂಪಿಸಿದ ಪಲ್ಸ್ ಆಕ್ಸಿಮೀಟರ್‌ನ ತತ್ತ್ವ ಸೂಜಿ ಚುಚ್ಚದೆಯೇ ರಕ್ತದ ಆಮ್ಲಜನಕವನ್ನು ಅಳೆಯುವ ದಾರಿ ತೆರೆಯಿತು. ಗಡಿಯಾರದಿಂದ ಹೃದಯದ ಲಯ ತಪ್ಪುವುದನ್ನು ಹಿಡಿಯಬಹುದೇ ಎಂದು 4 ಲಕ್ಷಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ಎಚ್ಚರಿಕೆ ಬಂದದ್ದು ನೂರಕ್ಕೆ ಒಬ್ಬರಿಗೂ ಅಲ್ಲ. ಹಾಗೆ ಬಂದವರಲ್ಲಿ ಎದೆಗೆ ಇಸಿಜಿ ಪ್ಯಾಚ್ ಅಂಟಿಸಿಕೊಂಡು ಮರಳಿಸಿದವರ ಪೈಕಿ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಬಡಿಯುವ ತೊಂದರೆ, ಕಂಡುಬಂದದ್ದು ಶೇ. 34 ಮಂದಿಯಲ್ಲಿ. ಅಲ್ಲಿ ಗಡಿಯಾರ ಸಂಶಯ ಎತ್ತಿತು, ಇಸಿಜಿ ಪರಿಶೀಲಿಸಿತು.

ಭಾವನೆಯ ವಿಷಯದಲ್ಲಿ ಇಸಿಜಿಯ ಜಾಗದಲ್ಲಿ ನಿಲ್ಲುವುದು ಯಾವುದು? ಒತ್ತಡ ಗುರುತಿಸುವ ಸಂಶೋಧನೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ವೆಸಾಡ್ ಎಂಬ ದತ್ತಾಂಶ 2018ರದು. ಅದಕ್ಕಾಗಿ 15 ಮಂದಿಯ ಮಣಿಕಟ್ಟು ಮತ್ತು ಎದೆಗೆ ಸಂವೇದಕ ಕಟ್ಟಿ, ಅವರಿಂದ ಪರರೆದುರು ಭಾಷಣ ಮಾಡಿಸಿ, ಮನಸ್ಸಿನಲ್ಲೇ ಲೆಕ್ಕ ಮಾಡಿಸಿ, ತಮಾಷೆಯ ತುಣುಕುಗಳನ್ನೂ ತೋರಿಸಲಾಯಿತು. ಪ್ರತಿ ಹಂತದ ಬಳಿಕ ಅವರ ಕೈಗೆ ಪ್ರಶ್ನಾವಳಿ ಕೊಟ್ಟು, ಹೇಗನ್ನಿಸುತ್ತಿದೆ ಎಂದು ಅವರನ್ನೇ ಕೇಳಲಾಯಿತು. ಬೆವರಿನಿಂದ ಚರ್ಮದ ವಿದ್ಯುತ್ ವಾಹಕತೆ ಬದಲಾಗುವುದನ್ನು ಎಷ್ಟೇ ಸೂಕ್ಷ್ಮವಾಗಿ ಅಳೆಯಲಿ, ಅದು ಭಯದ ಬೆವರೋ ಉತ್ಸಾಹದ ಬೆವರೋ ಎಂದು ಕೊನೆಗೆ ಹೇಳಬೇಕಾದವರು ಬೆವರಿದವರೇ. ಅಂದರೆ ಅಂದು ಸಂಜೆ ನಮ್ಮ ಹುಡುಗ ಪಕ್ಕಕ್ಕೆ ತಳ್ಳಿದ್ದು ಗಡಿಯಾರ ಸರಿಯೋ ತಪ್ಪೋ ಎಂದು ತಿಳಿಯಲು ಅವನಿಗಿದ್ದ ಏಕೈಕ ಸಾಕ್ಷಿಯನ್ನು. "ನಗ್ತಾ ಇದ್ದೆ" ಎಂಬುದನ್ನು ನಂಬಲಾಗದಿದ್ದರೆ ಆ ಕಿತ್ತಳೆ ಪಟ್ಟಿಯನ್ನು ನಂಬಲು ಆಧಾರವೇ ಇರುವುದಿಲ್ಲ.

ಮೊಮ್ಮಗನ ಜಾಗದಲ್ಲಿ ಮೇಲಧಿಕಾರಿಯೋ ಶಾಲೆಯೋ ಇದ್ದರೆ ವಿಷಯ ಮನೆಮಾತಿನಲ್ಲಿ ಮುಗಿಯುವುದಿಲ್ಲ. ಯುರೋಪಿಯನ್ ಒಕ್ಕೂಟ ತನ್ನ ಕೃತಕ ಬುದ್ಧಿಮತ್ತೆ ಕಾಯ್ದೆಯಡಿ, ದೇಹದ ಸಂಕೇತಗಳಿಂದ ಭಾವನೆಯನ್ನು ಊಹಿಸುವ ವ್ಯವಸ್ಥೆಗಳನ್ನು ಕೆಲಸದ ಸ್ಥಳ ಮತ್ತು ಶಿಕ್ಷಣ ಸಂಸ್ಥೆಗಳಲ್ಲಿ 2025ರ ಫೆಬ್ರವರಿಯಿಂದ ನಿಷೇಧಿಸಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗಷ್ಟೇ ವಿನಾಯಿತಿ.

ಇದನ್ನೆಲ್ಲ ಅವನಿಗೆ ಹೇಳಿದೆ. ಲಯದ ಎಚ್ಚರಿಕೆ ಇರಲಿ, ಒತ್ತಡದ ಪಟ್ಟಿ ಬೇಡ ಎಂದದ್ದಕ್ಕೆ ಯೋಚಿಸುತ್ತೇನೆ ಎಂದ. ಮಾತಿನ ನಡುವೆ ತಿಳಿದದ್ದು: ಅವನ ಕಚೇರಿಯಲ್ಲೂ ಆರೋಗ್ಯ ಯೋಜನೆಯ ಹೆಸರಿನಲ್ಲಿ ಎಲ್ಲರಿಗೂ ಇಂಥದೇ ಗಡಿಯಾರ ಕೊಡುವ ಮಾತಿದೆಯಂತೆ, ಅವನು ಮಾತ್ರ ಕಟ್ಟಿಕೊಳ್ಳುವುದಿಲ್ಲವಂತೆ. ಯಾಕೆಂದು ಕೇಳಿದೆ. "ನಮ್ಮನ್ನ ಕೇಳದೇ ಏನೇನೋ ಅಂದ್ಕೋತಾರೆ" ಎಂದ.