ರೋಸ್ ಸೋತ ಬೆಳಗು

ಚಿಕ್ಕಮಗಳೂರು
14 ಏಪ್ರಿಲ್ 2025, ಸೋಮವಾರ

ಅಂಬೇಡ್ಕರ್ ಜಯಂತಿ, ರಜೆ. ರಾತ್ರಿಯೆಲ್ಲ ಕೂತು ಮಾಸ್ಟರ್ಸ್ ಗಾಲ್ಫ್ ನೋಡಿದರೂ ಮನೆಯಲ್ಲಿ ಬೈಗುಳ ಸ್ವಲ್ಪ ಕಮ್ಮಿ. ಸಂಜೆಯ ಗುಡುಗು ಮಳೆಗೆ ಕರೆಂಟ್ ಹೋಗಿತ್ತು, ಪುಣ್ಯಕ್ಕೆ ಇನ್ವರ್ಟರ್ ಕೈ ಕೊಡಲಿಲ್ಲ. ಅಮೆರಿಕದ ಆಗಸ್ಟಾದಲ್ಲಿ ಭಾನುವಾರ ಸಂಜೆ ಅಂದರೆ ನಮಗೆ ಸೋಮವಾರ ನಸುಕು. ಇಂಗ್ಲೆಂಡಿನ ಜಸ್ಟಿನ್ ರೋಸ್ ಸೋತು, ರೋರಿ ಮೆಕಿಲ್ರಾಯ್ ಕೊನೆಯ ಪಟ್ (ಗುಳಿಯ ಸುತ್ತಲ ನುಣುಪು ಹುಲ್ಲು, ಅಂದರೆ ಗ್ರೀನ್ ಮೇಲೆ ಚೆಂಡನ್ನು ಗುಳಿಗೆ ಉರುಳಿಸುವ ಹೊಡೆತ) ಹಾಕಿ ಮಂಡಿಯೂರಿ ಬಿಕ್ಕಿದಾಗ ಇಲ್ಲಿ ಐದು ಗಂಟೆ ಹತ್ತಿರ.

ಬೆಳಗಿನಿಂದ ಎಲ್ಲ ಕಡೆ ಅವನದೇ ಸುದ್ದಿ. ಇರಲಿ, ಆಗಬೇಕಾದ್ದೇ. ಮೇಜರ್ ಅಂದರೆ ಗಾಲ್ಫ್‌ನ ನಾಲ್ಕು ಅತಿ ದೊಡ್ಡ ಟೂರ್ನಿಗಳು, ಮಾಸ್ಟರ್ಸ್ ಅದರಲ್ಲೊಂದು. ನಾಲ್ಕನ್ನೂ ಗೆದ್ದವರು ಸಾರಜೆನ್, ಹೋಗನ್, ಪ್ಲೇಯರ್, ನಿಕ್ಲಾಸ್, ವುಡ್ಸ್. ಈಗ ಆರನೆಯವನು ಇವನು. 2014ರ ನಂತರ ಒಂದೂ ಮೇಜರ್ ಸಿಕ್ಕಿರಲಿಲ್ಲ. 2011ರಲ್ಲಿ ಇದೇ ಆಗಸ್ಟಾದಲ್ಲಿ ನಾಲ್ಕು ಹೊಡೆತ ಮುಂದಿದ್ದವನು ಕೊನೆಯ ದಿನ 80 ಹೊಡೆದು (ಕಮ್ಮಿ ಹೊಡೆದವನೇ ಗೆಲ್ಲುವ ಆಟವಿದು) ಮಣ್ಣುಮುಕ್ಕಿದ್ದ. ಈ ಸಲವೂ ಹಾಗೇ ಆಗುತ್ತದೆ ಅಂದುಕೊಂಡೆ. ಮೊದಲ ಹೋಲ್‌ನಲ್ಲೇ ಡಬಲ್ ಬೋಗಿ, ಅಂದರೆ ಪಾರ್‌ಗಿಂತ (ಆ ಹೋಲ್‌ಗೆ ಗೊತ್ತುಮಾಡಿದ ಹೊಡೆತಗಳಿಗಿಂತ) ಎರಡು ಹೆಚ್ಚು. ಒಂದು ಸುತ್ತಿಗೆ ಹದಿನೆಂಟು ಹೋಲ್. ಹದಿಮೂರರಲ್ಲಿ ಅವನಂಥವನು ಕಣ್ಣುಮುಚ್ಚಿ ಹೊಡೆಯಬಹುದಾದ, ವೆಜ್ ಎಂಬ ಕೋಲಿನ ಗಿಡ್ಡ ಹೊಡೆತ ಸೀದಾ ತೊರೆಗೆ ಬಿತ್ತು. ಹದಿನೈದರಲ್ಲಿ ಮರಗಳನ್ನು ಬಳಸಿ ಚೆಂಡನ್ನು ತಿರುಗಿಸಿ ಹೋಲ್ ಹತ್ತಿರ ಇಳಿಸಿದಾಗ ನಾನು ಎದ್ದೇ ನಿಂತಿದ್ದೆ. ಹದಿನೆಂಟರಲ್ಲಿ ಸುಮಾರು ಐದಡಿಯ ಪಟ್ ಬಿದ್ದಿದ್ದರೆ ಅಲ್ಲಿಗೇ ಮುಗೀತಿತ್ತು. ಬೀಳಲಿಲ್ಲ. ಜಸ್ಟಿನ್ ರೋಸ್ ಜತೆ ಸಮ, ಇಬ್ಬರೂ ಹನ್ನೊಂದು ಅಂಡರ್ (ಪಾರ್‌ಗಿಂತ ಹನ್ನೊಂದು ಕಮ್ಮಿ), ಗೆದ್ದವನನ್ನು ತೀರ್ಮಾನಿಸಲು ಹೆಚ್ಚುವರಿ ಆಟ, ಪ್ಲೇಆಫ್.

ನನ್ನ ಕಣ್ಣಿದ್ದದ್ದು ರೋಸ್ ಮೇಲೆ. ಕೊನೆಯ ದಿನ ಹತ್ತು ಬರ್ಡಿ (ಪಾರ್‌ಗಿಂತ ಒಂದು ಕಮ್ಮಿ) ಹೊಡೆದು 66 ತಂದವನು ಅವನು. ಹದಿನೆಂಟರಲ್ಲಿ ಇಪ್ಪತ್ತಡಿಯಷ್ಟು ದೂರದ ಪಟ್ ಹಾಕಿ ರೋರಿಯ ಮೇಲೆ ಒತ್ತಡ ತಂದವನೂ ಅವನೇ. 2017ರಲ್ಲಿ ಇದೇ ಹದಿನೆಂಟನೆಯ ಹೋಲ್‌ನ ಪ್ಲೇಆಫ್‌ನಲ್ಲಿ ಸೆರ್ಗಿಯೊ ಗಾರ್ಸಿಯಾಗೆ ಸೋತಿದ್ದ. ಈಗ ಮತ್ತೆ. ಇವನ ಬರ್ಡಿ ಪಟ್ ತಪ್ಪಿತು, ರೋರಿ ನಾಲ್ಕಡಿಯೊಳಗೆ ನಿಲ್ಲಿಸಿದ್ದ ಚೆಂಡನ್ನು ಹಾಕಿದ. ರೋರಿ ಅಳು ಮುಗಿಸಿ ಏಳುವ ತನಕ ರೋಸ್ ಪಕ್ಕದಲ್ಲೇ ಕಾದ, ಆಮೇಲೆ ತಬ್ಬಿಕೊಂಡ. ನೀನು ಇದನ್ನು ಗೆಲ್ಲುವಾಗ ಈ ಗ್ರೀನ್ ಮೇಲೆ ನಾನಿದ್ದೆನಲ್ಲ, ಖುಷಿಯಾಯ್ತು ಎಂಬರ್ಥದ ಮಾತು ಹೇಳಿದನಂತೆ. ಅವನಿಗೆ ವಯಸ್ಸು 44. ಇಂಥ ಅವಕಾಶ ಇನ್ನೆಷ್ಟು ಸಿಗುತ್ತದೆ ಅನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ತಾರೀಖು ನೋಡಿದಾಗ ಇನ್ನೊಂದು ನೆನಪಾಯಿತು. 1968ರ ಏಪ್ರಿಲ್ 14, ಅದೂ ಮಾಸ್ಟರ್ಸ್ ಕೊನೆಯ ದಿನವೇ. ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊಗೆ ಅಂದು 45 ತುಂಬಿತ್ತು. ಮೊದಲ ಹೋಲ್‌ನಲ್ಲೇ ಈಗಲ್ (ಪಾರ್‌ಗಿಂತ ಎರಡು ಕಮ್ಮಿ) ಹೊಡೆದ, ಪ್ರೇಕ್ಷಕರು ಹುಟ್ಟುಹಬ್ಬದ ಹಾಡು ಹಾಡಿದರು. ಗಾಲ್ಫ್‌ನಲ್ಲಿ ನಿಮ್ಮ ಸ್ಕೋರ್ ಬರೆಯುವುದು ಜತೆಗೆ ಆಡುವವನು. ಕೊನೆಗೆ ಹೋಲ್ ಹೋಲ್ ಪರಿಶೀಲಿಸಿ ಸಹಿ ಹಾಕುವವರು ನೀವು. ಹದಿನೇಳರಲ್ಲಿ ಇವನು ಮೂರಕ್ಕೆ ಮುಗಿಸಿದ್ದ, ಜತೆಗಾರ ಟಾಮಿ ಏರನ್ ಕಾರ್ಡಿನಲ್ಲಿ ನಾಲ್ಕು ಬರೆದ. ಹದಿನೆಂಟರ ಬೋಗಿಯ (ಪಾರ್‌ಗಿಂತ ಒಂದು ಹೆಚ್ಚು) ಬೇಜಾರಿನಲ್ಲಿದ್ದವನು ನೋಡದೆ ಸಹಿ ಹಾಕಿಬಿಟ್ಟ. ನಿಜವಾಗಿ ಹೊಡೆದದ್ದಕ್ಕಿಂತ ಹೆಚ್ಚಿನ ಅಂಕಿಗೆ ಸಹಿ ಹಾಕಿದರೆ ಆ ಅಂಕಿಯೇ ಕಾಯಂ ಅನ್ನುತ್ತದೆ ನಿಯಮ. 65 ಇದ್ದದ್ದು 66 ಆಯಿತು, ಬಾಬ್ ಗೋಲ್ಬಿ ಜತೆಗಿನ ಪ್ಲೇಆಫ್ ತಪ್ಪಿಹೋಯಿತು.

ಅಷ್ಟಾದರೂ ಏರನ್ ಕಡೆ ಅವನು ಬೆರಳು ತೋರಿಸಲಿಲ್ಲ. ನಾನೆಂಥ ದಡ್ಡ ಅಂದುಕೊಂಡ. ಗೋಲ್ಬಿ ಕೊಟ್ಟ ಒತ್ತಡಕ್ಕೆ ನನ್ನ ತಲೆಯೇ ಓಡಲಿಲ್ಲ ಅಂತ ಗೆದ್ದವನನ್ನೇ ಹೊಗಳಿದ. ನನಗೆ ಪಾಪ ಅನ್ನಿಸುವುದು ಗೋಲ್ಬಿ. ಯಾವ ತಪ್ಪೂ ಮಾಡದೆ ಗೆದ್ದು, ಕದ್ದವನಂತೆ ಬೈಗುಳದ ಕಾಗದ ಓದಬೇಕಾಯಿತು. ಏರನ್ 1973ರಲ್ಲಿ ತಾನೇ ಮಾಸ್ಟರ್ಸ್ ಗೆದ್ದ.

ಮಧ್ಯಾಹ್ನ ಊಟಕ್ಕೆ ಬಂದಿದ್ದ ಪ್ಲಾಂಟರ್ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. "ಕೂಡೋಕೆ ಬಾರದವನಿಗೆ ಕಪ್ ಯಾಕೆ?" ಅಂದ. ಈ ಮಾತು ಯಾರ ಬಾಯಲ್ಲಿ ಬಂತು ನೋಡಿ! ಇವನ ಚೆಂಡು ಕಾಫಿ ಗಿಡಗಳ ಒಳಗೆ ಹೋದರೆ ನಾವೆಲ್ಲ ಬಗ್ಗಿ ಹುಡುಕಬೇಕು. ಹುಡುಕಲು ನಿಯಮದಲ್ಲಿರುವುದು ಮೂರೇ ನಿಮಿಷ. ಎರಡೂಮುಕ್ಕಾಲು ನಿಮಿಷಕ್ಕೆ ಸರಿಯಾಗಿ "ಸಿಕ್ತು ಸಿಕ್ತು" ಎಂಬ ಕೂಗು. ಸಿಲ್ವರ್ ಓಕ್ ಮರದ ಬುಡದಲ್ಲಿ, ಒಣಗಿದ ಎಲೆಗಳ ಮೇಲೆ, ಒಂದು ಕಲೆಯೂ ಇಲ್ಲದ ಬಿಳಿ ಚೆಂಡು ಕೂತಿರುತ್ತದೆ. ಅವನ ಪ್ಯಾಂಟಿನ ಜೇಬು ಆಗತಾನೆ ಚಪ್ಪಟೆಯಾಗಿರುತ್ತದೆ. ಯಾರೂ ಏನೂ ಅನ್ನುವುದಿಲ್ಲ, ಸಂಜೆ ಕಾಫಿ ಅವನದೇ ಖರ್ಚಲ್ಲವೇ.

ಅವನ ಎದುರು ಬಾಬಿ ಜೋನ್ಸ್ ಸುದ್ದಿ ತೆಗೆದು ಪ್ರಯೋಜನವಿಲ್ಲ ಅಂತ ಗೊತ್ತಿದ್ದೂ ತೆಗೆದೆ. 1925ರ ಯು.ಎಸ್. ಓಪನ್‌ನಲ್ಲಿ ಬೇರೆ ಯಾರೂ ಕಾಣದಿದ್ದರೂ ಚೆಂಡು ಅಲುಗಿತು ಅಂತ ತನಗೆ ತಾನೇ ದಂಡ ಹಾಕಿಕೊಂಡು, ಕೊನೆಗೆ ಪ್ಲೇಆಫ್‌ನಲ್ಲಿ ಸೋತವನು ಜೋನ್ಸ್. ಹೊಗಳಲು ಬಂದವರಿಗೆ, ಬ್ಯಾಂಕ್ ದರೋಡೆ ಮಾಡಲಿಲ್ಲ ಅಂತಲೂ ಹೊಗಳುತ್ತೀರಾ ಎಂಬ ಧಾಟಿಯಲ್ಲಿ ಉತ್ತರಿಸಿದ್ದ. ಆಗಸ್ಟಾ ಕೋರ್ಸ್ ಕಟ್ಟಿದವರಲ್ಲಿ ಅವನೂ ಒಬ್ಬ. ಗೆಳೆಯ ಮಜ್ಜಿಗೆ ಕುಡಿಯುತ್ತ ಪೂರ್ತಿ ಕೇಳಿ, "ಅವನಿಗೆ ತೋಟ ಇರಲಿಲ್ಲ ಬಿಡು, ಚೆಂಡು ಕಳೆಯುವ ಕಷ್ಟ ಏನು ಗೊತ್ತು" ಅಂದ.

ಜುಲೈನಲ್ಲಿ ಬ್ರಿಟನ್ನಿನ ಮೇಜರ್ ಆದ ಓಪನ್ ನಡೆಯುವುದು ಪೋರ್ಟ್‌ರಷ್‌ನಲ್ಲಿ, ರೋರಿಯ ಸ್ವಂತ ನಾಡು ಉತ್ತರ ಐರ್ಲೆಂಡ್. ಡಿ ವಿಸೆಂಜೊ ಓಪನ್ ಗೆದ್ದದ್ದು 1967ರಲ್ಲಿ, ಅವನಿಗೂ ಆಗ ರೋಸ್‌ನಷ್ಟೇ, 44. ಗೆಳೆಯ ರೋರಿ ಪರ ಒಂದು ಊಟದ ಬಾಜಿ ಕಟ್ಟಿ ಹೋಗಿದ್ದಾನೆ. ನಾನು ರೋಸ್ ಪರ.